ಹೊಲಿದ ಹಡಗಿಗೆ ಖಲಾಸಿಗಳು ಬೇಕಂತೆ: ಫಾರ್ವರ್ಡ್ ಮಾಡುವ ಮೊದಲು ಇಷ್ಟು ಓದಿ

ಮರದ ಹಡಗು, ಗಾಳಿಗೆ ಉಬ್ಬಿದ ಚೌಕಾಕಾರದ ಪಟ, ಪಟದ ಮೇಲೆ ಗಂಡಭೇರುಂಡ. ಈ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಅದು ಐಎನ್‌ಎಸ್‌ವಿ ಕೌಂಡಿನ್ಯ. ಚಿತ್ರ ನಿಜ. ಆದರೆ ಇಂಥ ಚಿತ್ರಗಳ ಕೆಳಗೆ ಅಂಟಿಕೊಂಡು ಬರುವ ಬರಹವೆಲ್ಲ ನಿಜವಲ್ಲ.

ಹಾಯಿ ಹಡಗುಗಳ ಬಗ್ಗೆ ಓಡಾಡುವ ಮಾತುಗಳಲ್ಲಿ ಮೂರನ್ನು ನಾವು ಇಲ್ಲಿ ತೆಗೆದುಕೊಂಡಿದ್ದೇವೆ. ಸಮುದ್ರದಲ್ಲಿ ಆಯಸ್ಕಾಂತದ ಬಂಡೆಗಳಿದ್ದವು, ಅವು ಮೊಳೆ ಎಳೆದುಕೊಳ್ಳುತ್ತವೆಂದು ನಮ್ಮ ಹಿರಿಯರು ಹಡಗು ಹೊಲಿದರು ಎಂಬುದು ಮೊದಲನೆಯದು. ಇಂಗ್ಲಿಷಿನ ‘ನ್ಯಾವಿಗೇಶನ್’ ನಮ್ಮ ‘ನವಗತಿ’ಯಿಂದ ಹುಟ್ಟಿತು ಎಂಬುದು ಎರಡನೆಯದು. ಮೂರನೆಯದು ಕೆಲಸದ ಮಾತು. ಹಡಗಿಗೆ ಜನ ಬೇಕು, ಪರೀಕ್ಷೆ ಇಲ್ಲ, ಸಮುದ್ರದ ಅನುಭವ ಇದ್ದರೆ ಸಾಕು, ಮೊದಲು ಇಷ್ಟು ಕಟ್ಟಿ ಹೆಸರು ಬರೆಸಿಕೊಳ್ಳಿ ಎನ್ನುವ ಧಾಟಿಯದು.

ಮೊದಲಿನ ಎರಡನ್ನು ಹಂಚಿದರೆ ಯಾರ ಜೇಬಿಗೂ ಕತ್ತರಿ ಬೀಳುವುದಿಲ್ಲ. ಮೂರನೆಯದು ಹಾಗಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಕಡಲಿನ ಕೆಲಸ ಎಂದರೆ ಕಥೆಯಲ್ಲ, ಊಟ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕೌಂಡಿನ್ಯಕ್ಕೆ ಆಗಲಿ, ನೌಕಾಪಡೆಯ ಬೇರೆ ಯಾವ ಹಾಯಿ ಹಡಗಿಗೇ ಆಗಲಿ, ಹೊರಗಿನಿಂದ ನೇರವಾಗಿ ಖಲಾಸಿಗಳನ್ನು ತೆಗೆದುಕೊಳ್ಳುವ ಪದ್ಧತಿ ಇಲ್ಲ. ಅದರ ಹೆಸರಿನಲ್ಲಿ ಹಣ ಕೇಳಿದವರು ಯಾರೇ ಆಗಿರಲಿ, ನಂಬಬೇಡಿ.

ಈ ಹಡಗು ಹಳೆಯದಲ್ಲ

ಕೌಂಡಿನ್ಯ ಸಮುದ್ರದ ತಳದಲ್ಲಿ ಸಿಕ್ಕ ಹಡಗಲ್ಲ, ಹೊಚ್ಚ ಹೊಸದು. 2023ರ ಜುಲೈಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವಾದ ಹೊಡಿ ಇನ್ನೋವೇಶನ್ಸ್ ಕಂಪನಿಯ ನಡುವೆ ಒಪ್ಪಂದವಾಯಿತು. ಅದೇ ಸೆಪ್ಟೆಂಬರಿನಲ್ಲಿ ಕೆಲಸ ಶುರುವಾಯಿತು. ಹಲಗೆಗಳನ್ನು ಕತ್ತದ ಹಗ್ಗದಿಂದ ಹೊಲಿದವರು ಕೇರಳದ ಕುಶಲಕರ್ಮಿಗಳು. ಅವರ ಮುಖ್ಯಸ್ಥರು ಬಾಬು ಶಂಕರನ್. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಹಡಗು ನೌಕಾಪಡೆಗೆ ಸೇರಿತು.

ಮಾದರಿ ಎಲ್ಲಿಯದು? ಅಜಂತಾ ಗುಹೆಯ 5ನೇ ಶತಮಾನದ ಒಂದು ವರ್ಣಚಿತ್ರ. ಚಿತ್ರ ಎಂದರೆ ಚಿತ್ರವೇ, ನಕ್ಷೆಯಲ್ಲ. ಉದ್ದ ಎಷ್ಟು, ತಳ ಹೇಗೆ, ಚುಕ್ಕಾಣಿ ಎಲ್ಲಿ ಎಂದು ಅದರಲ್ಲಿ ಬರೆದಿಲ್ಲ. ಅದಕ್ಕಾಗಿ ಮದ್ರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಸಣ್ಣ ಮಾದರಿಯನ್ನು ನೀರಿನಲ್ಲಿಟ್ಟು ಪರೀಕ್ಷಿಸಿದರು. ‘ಪ್ರಾಚೀನ ಹಡಗಿನ ತದ್ರೂಪ’ ಎಂದು ಬರೆಯುವುದಕ್ಕಿಂತ, ಪ್ರಾಚೀನ ಚಿತ್ರವನ್ನು ಆಧರಿಸಿ ಇಂದಿನವರು ಮಾಡಿದ ಒಂದು ಒಳ್ಳೆಯ ಊಹೆ ಎಂದರೆ ಹೆಚ್ಚು ಸರಿ. ಇದರಿಂದ ಹಡಗಿನ ಮರ್ಯಾದೆ ಕಡಿಮೆಯಾಗುವುದಿಲ್ಲ. ಎಂಜಿನ್ ಇಲ್ಲದೆ, ಮೊಳೆ ಇಲ್ಲದೆ, ಹಿಂದುಗಡೆ ಹುಟ್ಟಿನಂಥ ಚುಕ್ಕಾಣಿ ಹಿಡಿದು ಅದು 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಒಮಾನಿನ ಮಸ್ಕತ್ ಮುಟ್ಟಿತು.

ಈ ದಾರಿ ಸುಮಾರು 1,400 ಕಿಲೋಮೀಟರ್. 16 ದಿನಕ್ಕೆ ಭಾಗಿಸಿ ನೋಡಿ. ಗಂಟೆಗೆ ನಾಲ್ಕು ಕಿಲೋಮೀಟರೂ ಬರುವುದಿಲ್ಲ, ಅಂದರೆ ಮನುಷ್ಯ ಆರಾಮವಾಗಿ ನಡೆಯುವ ವೇಗ. ಗಾಳಿ ಬಿದ್ದರೆ ನಿಲ್ಲಬೇಕು, ಗಾಳಿ ತಿರುಗಿದರೆ ಸುತ್ತಬೇಕು. ಡಿಸೆಂಬರಿನಲ್ಲೇ ಹೊರಟಿದ್ದೂ ಇದಕ್ಕೇ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನಮ್ಮ ಕಡೆಯಿಂದ ಅರಬಸ್ತಾನದ ಕಡೆಗೆ ಬೀಸುತ್ತದೆ. ಮಳೆಗಾಲದಲ್ಲಿ ಅದು ತಿರುಗಿ ನೈಋತ್ಯದಿಂದ ಬರುತ್ತದೆ. ನಮ್ಮ ಕರಾವಳಿಯ ಹಾಯಿ ವ್ಯಾಪಾರವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿತ್ತು. ಜೂನ್, ಜುಲೈನಲ್ಲಿ ಅಳಿವೆ ದಾಟುವವರು ಇರಲಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ಪದ್ಧತಿ ಆ ಲೆಕ್ಕದ ನೆನಪೇ. ಈಗಿನ ಜೂನ್ 1ರಿಂದ ಜುಲೈ 31ರ ವರೆಗಿನ ಮೀನುಗಾರಿಕೆ ನಿಷೇಧ ಮೀನಿನ ಸಂತಾನಕ್ಕಾಗಿ ಬಂದದ್ದಾದರೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬೀಳುತ್ತದೆ.

ಆಯಸ್ಕಾಂತದ ಬಂಡೆ

ಈ ಮಾತಿಗೆ ವಾಟ್ಸಾಪ್‌ಗಿಂತ ಬಹಳ ವಯಸ್ಸಾಗಿದೆ. ಭೋಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥದಲ್ಲೇ, ಸಮುದ್ರಕ್ಕೆ ಹೋಗುವ ಹಡಗಿಗೆ ಕಬ್ಬಿಣ ಬಳಸಬಾರದು, ಆಯಸ್ಕಾಂತ ಅದನ್ನು ಎಳೆದೀತು ಎಂಬ ಎಚ್ಚರಿಕೆ ಇದೆ. ಮಧ್ಯಯುಗದ ಅರಬ್ಬರ ಕಥೆಗಳಲ್ಲೂ, ಯುರೋಪಿನವರ ಪ್ರವಾಸ ಕಥೆಗಳಲ್ಲೂ ಇದೇ ಬಂಡೆ ಬರುತ್ತದೆ. ಹಾಗಾಗಿ ‘ಹಳೆಯ ಗ್ರಂಥದಲ್ಲಿದೆ’ ಎಂಬುದು ಸರಿ. ಗ್ರಂಥದಲ್ಲಿದೆ ಎಂದಮಾತ್ರಕ್ಕೆ ಸಮುದ್ರದಲ್ಲೂ ಇರಬೇಕೆಂದಿಲ್ಲ.

ಮನೆಯಲ್ಲೇ ನೋಡಬಹುದು. ಫ್ರಿಜ್ ಬಾಗಿಲಿಗೆ ಅಂಟುವ ಮ್ಯಾಗ್ನೆಟ್ ಒಂದು ಗುಂಡುಪಿನ್ನನ್ನು ಎಷ್ಟು ದೂರದಿಂದ ಎಳೆಯುತ್ತದೆ? ಒಂದೆರಡು ಅಂಗುಲ. ಇನ್ನಷ್ಟು ದೂರ ಹಿಡಿದರೆ ಪಿನ್ನು ಅಲ್ಲಾಡುವುದಿಲ್ಲ. ಆಯಸ್ಕಾಂತದ ಸೆಳೆತ ದೂರ ಹೋದಂತೆ ಬಹಳ ಬೇಗ ಕುಸಿಯುತ್ತದೆ. ನೈಸರ್ಗಿಕ ಕಾಂತಶಿಲೆಯ ಬಲವಂತೂ ಅಂಗಡಿಯ ಮ್ಯಾಗ್ನೆಟ್ಟಿಗಿಂತ ಕಡಿಮೆಯೇ. ದಿಕ್ಸೂಚಿಯ ಮುಳ್ಳನ್ನು ಅಂಥ ಬಂಡೆ ಸ್ವಲ್ಪ ತಿರುಗಿಸೀತು. ಮರದೊಳಗೆ ಬಿಗಿಯಾಗಿ ಕೂತ ಮೊಳೆಯನ್ನು ಕಿತ್ತು ತೆಗೆಯಲಾರದು.

ಇನ್ನೊಂದು ಸಾಕ್ಷಿ ನಮ್ಮ ಜಿಲ್ಲೆಯ ಬಾಗಿಲಲ್ಲೇ ಇದೆ. ವಾಸ್ಕೋ ಡ ಗಾಮನ ಹಡಗುಗಳಿಗೆ ಕಬ್ಬಿಣದ ಮೊಳೆಗಳಿದ್ದವು. ಅವು ಆಫ್ರಿಕಾ ಸುತ್ತಿ, ಅರಬ್ಬೀ ಸಮುದ್ರ ದಾಟಿ ಕಲ್ಲಿಕೋಟೆಗೆ ಬಂದು, ಮರಳುವ ದಾರಿಯಲ್ಲಿ 1498ರಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದಲ್ಲಿ ದುರಸ್ತಿಗೆ ನಿಂತವು. ಮೊಳೆಗಳು ಅಲ್ಲಿಯ ತನಕ ತಮ್ಮ ಜಾಗದಲ್ಲೇ ಇದ್ದವು.

ಹಾಗಾದರೆ ಹೊಲಿದದ್ದು ಏಕೆ? ಇದಕ್ಕೆ ಹೊನ್ನಾವರವನ್ನು ಕಂಡಿದ್ದ ಒಬ್ಬರ ಉತ್ತರ ಇದೆ. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ 1340ರ ದಶಕದ ಆರಂಭದಲ್ಲಿ ಹೊನ್ನಾವರಕ್ಕೆ ಬಂದವನು. ಊರನ್ನು ‘ಹಿನಾವರ್’ ಎಂದು ಕರೆದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದ. ಅಲ್ಲಿನ ದೊರೆ ಜಮಾಲುದ್ದೀನ್ 52 ಹಡಗುಗಳೊಂದಿಗೆ ಗೋವಾದ ಮೇಲೆ ದಂಡೆತ್ತಿ ಹೋದಾಗ ತಾನೂ ಹಡಗು ಹತ್ತಿದ. (ಹೊನ್ನಾವರದಿಂದ ಹಾಯಿ ಹಡಗು ಹತ್ತಿದವರಲ್ಲಿ ನಮಗೆ ಹೆಸರು ಗೊತ್ತಿರುವ ಬಹು ಹಳಬರಲ್ಲಿ ಇವನೊಬ್ಬ. ಆತನೂ ಯಾರಿಗೂ ಮುಂಗಡ ಕೊಟ್ಟ ಹಾಗೆ ಬರೆದಿಲ್ಲ.) ಮಾಲ್ಡೀವ್ಸ್ ಬಗ್ಗೆ ಬರೆಯುವಾಗ ಅವನು ಕತ್ತದ ಹಗ್ಗದ ವಿಷಯ ಎತ್ತುತ್ತಾನೆ. ಈ ಸಮುದ್ರದಲ್ಲಿ ಬಂಡೆಗಳು ಹೆಚ್ಚು, ಮೊಳೆ ಹೊಡೆದ ಹಡಗು ಬಂಡೆಗೆ ತಗುಲಿದರೆ ಒಡೆಯುತ್ತದೆ, ಹೊಲಿದದ್ದು ಸ್ವಲ್ಪ ಬಾಗಿ ತಾಳಿಕೊಳ್ಳುತ್ತದೆ ಎಂಬುದು ಅವನ ವಿವರಣೆ. ಬಂಡೆ ಇದೆ, ಆಯಸ್ಕಾಂತ ಇಲ್ಲ.

ಇಂದಿನ ತಿಳಿವಳಿಕೆಯೂ ಇದರ ಹತ್ತಿರವೇ ಇದೆ. ಹೊಲಿದ ಹಡಗಿನ ಮೈ ಅಲೆಗೆ ಸಿಕ್ಕಾಗ ಅಲ್ಪಸ್ವಲ್ಪ ಬಳುಕುತ್ತದೆ. ಮರಳು ದಂಡೆಯ ಮೇಲೆ ಎಳೆದು ಹಾಕಿದಾಗಲೂ, ಅಲೆ ತಳಕ್ಕೆ ಬಡಿದಾಗಲೂ ಅದು ಉಪಯೋಗಕ್ಕೆ ಬರುತ್ತದೆ. ಕಬ್ಬಿಣ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಜೊತೆಗೆ ಆ ಕಾಲಕ್ಕೆ ದುಬಾರಿ. ಕತ್ತಕ್ಕೆ ಬೇಕಾದದ್ದು ತೆಂಗಿನ ಸಿಪ್ಪೆ ಮತ್ತು ಅದನ್ನು ಕೊಳೆಸಲು ಹಿನ್ನೀರು. ಎರಡಕ್ಕೂ ನಮ್ಮಲ್ಲಿ ಬರವಿಲ್ಲ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಹೆಚ್ಚಿರುವುದರಿಂದ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. ಹಲಗೆಯ ಸಂದುಗಳಿಗೆ ನಾರು ತುಂಬಿ, ಮರದ ರಾಳ ಬಳಿಯುತ್ತಾರೆ.

ಕೂವೆಮರಕ್ಕೂ ಇಲ್ಲಿಯ ಕಾಡು ಹೆಸರಾಗಿತ್ತು. ಹೊನ್ನೆ ಜಾತಿಯ ನೇರವಾಗಿ ಬೆಳೆಯುವ ಮರವನ್ನು ಇಂಗ್ಲಿಷರು ‘ಪೂನ್’ ಎಂದು ಕರೆದು ಕೆನರಾ ಕಾಡಿನಿಂದ ಹಡಗಿಗೆ ಒಯ್ಯುತ್ತಿದ್ದರು. ಆ ಹೆಸರು ಬಂದದ್ದು ಹಳಗನ್ನಡದ ‘ಪೊನ್ನೆ’ಯಿಂದ.

ಆದರೆ ಹೊಲಿದ ಹಡಗೇ ಶ್ರೇಷ್ಠ, ಉಕ್ಕಿನದು ಕಳಪೆ ಎಂಬ ತೀರ್ಮಾನಕ್ಕೆ ಹಾರಬೇಡಿ. ಹೊಲಿಗೆ ಸಡಿಲಾಗುತ್ತದೆ, ನೀರು ಒಸರುತ್ತದೆ, ಆಗಾಗ ಬಿಚ್ಚಿ ಮತ್ತೆ ಹೊಲಿಯಬೇಕು. ಭಾರದ ಫಿರಂಗಿಗಳನ್ನು ಹೊತ್ತು ಅವುಗಳ ಒದೆತ ತಾಳುವುದು ಅದಕ್ಕೆ ಕಷ್ಟ. ಫಿರಂಗಿ ಹೊತ್ತ ಹಡಗುಗಳು ಬಂದ ಮೇಲೆ ಮೊಳೆ ಗೆದ್ದಿತು.

‘ನವಗತಿ’

ಇದನ್ನು ಬೇಗ ಮುಗಿಸುತ್ತೇವೆ. ನ್ಯಾವಿಗೇಶನ್ ಪದ ಲ್ಯಾಟಿನ್ ಭಾಷೆಯ ‘ನಾವಿಸ್’, ಅಂದರೆ ಹಡಗು, ಮತ್ತು ‘ಅಗೆರೆ’, ಅಂದರೆ ನಡೆಸು, ಇವೆರಡು ಕೂಡಿ ಆದದ್ದು. ‘ನಾವಿಸ್’ಗೂ ಸಂಸ್ಕೃತದ ‘ನೌ’ ಪದಕ್ಕೂ ಹೋಲಿಕೆ ಇರುವುದು ನಿಜ. ಅವೆರಡೂ ಇನ್ನೂ ಹಳೆಯ ಒಂದು ಮೂಲಭಾಷೆಯಿಂದ ಬಂದ ದಾಯಾದಿಗಳು. ಒಂದು ಇನ್ನೊಂದರ ಮಗಳಲ್ಲ. ನಮ್ಮ ಕಡಲಿನ ಮಾತು ಯಾರೊಬ್ಬರ ಆಸ್ತಿಯೂ ಅಲ್ಲ. ‘ಹಡಗು’ ದ್ರಾವಿಡ ಪದ, ತಮಿಳಿನ ‘ಪಡಗು’ವಿನ ನೆಂಟ. ‘ನಾವಿಕ’ ಸಂಸ್ಕೃತದ್ದು. ‘ಲಂಗರು’ ಮತ್ತು ‘ನಾಖುದಾ’ ಪಾರಸಿಯವು. ಬಂದರಿನಲ್ಲಿ ಯಾರು ಇಳಿದರೋ ಅವರ ಮಾತು ಉಳಿಯಿತು.

ಹಾಗಾದರೆ ಹಡಗಿನಲ್ಲಿ ಯಾರಿದ್ದರು?

ಮಸ್ಕತ್ ಪ್ರಯಾಣದಲ್ಲಿ ಕೌಂಡಿನ್ಯದ ಮೇಲೆ ದುಡಿದವರು ನೌಕಾಪಡೆಯ ನಾಲ್ವರು ಅಧಿಕಾರಿಗಳು ಮತ್ತು 13 ನಾವಿಕರು. ಕಮಾಂಡರ್ ವಿಕಾಸ್ ಶಿಯೋರಾನ್ ಹಡಗಿನ ಚುಕ್ಕಾಣಿ ಹೊಣೆ ಹೊತ್ತಿದ್ದರು. ಈ ಯೋಜನೆಯ ಹಿಂದಿದ್ದ ಅರ್ಥಶಾಸ್ತ್ರಜ್ಞ ಸಂಜೀವ್ ಸನ್ಯಾಲ್ ಕೂಡ ಜೊತೆಗಿದ್ದರು. ನಾವಿಕರೆಲ್ಲ ಮೊದಲೇ ನೌಕಾಪಡೆಯಲ್ಲಿ ಇದ್ದವರು. ಹೊಲಿದ ಹಡಗನ್ನು, ಅದೂ ಚೌಕ ಪಟದ ಹಡಗನ್ನು ನಡೆಸಿದ ಅನುಭವ ಇಂದು ಯಾರಿಗೂ ಇಲ್ಲದ್ದರಿಂದ ಅವರೂ ಹೊಸದಾಗಿ ಕಲಿಯಬೇಕಾಯಿತು.

ನೌಕಾಪಡೆಯ ಉಳಿದ ಹಾಯಿ ಹಡಗುಗಳ ಕಥೆಯೂ ಇದೇ. ಕೊಚ್ಚಿಯಲ್ಲಿ ನೆಲೆ ಇರುವ ಐಎನ್‌ಎಸ್ ತರಂಗಿಣಿ 1997ರ ನವೆಂಬರಿನಲ್ಲಿ ಸೇವೆಗೆ ಬಂತು. ಮೂರು ಕೂವೆಮರ, 54 ಮೀಟರ್ ಉದ್ದ, ಕಟ್ಟಿದ್ದು ಗೋವಾ ಶಿಪ್‌ಯಾರ್ಡ್. 2003-04ರಲ್ಲಿ ಭೂಮಿಯನ್ನೇ ಸುತ್ತಿ ಬಂತು. ಅದರ ತಂಗಿ ಐಎನ್‌ಎಸ್ ಸುದರ್ಶಿನಿ 2012ರಲ್ಲಿ ಬಂದದ್ದು. ಇವೆರಡೂ ತರಬೇತಿ ಹಡಗುಗಳು. ಹೊಸ ಕೆಡೆಟ್‌ಗಳನ್ನು ಹತ್ತಿಸಿಕೊಂಡು, ಹಗ್ಗ ಎಳೆಸಿ, ಕೂವೆಮರ ಹತ್ತಿಸಿ, ರಾತ್ರಿ ಪಾಳಿ ಕಾಯಿಸಿ ಕಡಲನ್ನು ಕಲಿಸುತ್ತವೆ. ಕ್ಷಿಪಣಿಯ ಕಾಲದಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಉಕ್ಕಿನ ಹಡಗಿನ ಒಳಗೆ, ಎಸಿ ಕೋಣೆಯಲ್ಲಿ ಪರದೆ ನೋಡುತ್ತ ಕೂತವನಿಗೆ ಗಾಳಿ ಯಾವ ಕಡೆಯದು ಎಂದು ಮೈಗೆ ಗೊತ್ತಾಗುವುದಿಲ್ಲ. ಹಾಯಿ ಹಡಗಿನಲ್ಲಿ ಗೊತ್ತಾಗದೆ ಇರುವುದಿಲ್ಲ.

ದಾರಿ ಇದೆಯೇ? ಇದೆ, ಆದರೆ ನೌಕಾಪಡೆಯ ಬಾಗಿಲಿನ ಮೂಲಕ, ಮತ್ತು ಸುತ್ತಿನದು. 2022ರಿಂದ ನಾವಿಕರ ಭರ್ತಿ ಅಗ್ನಿಪಥ ಯೋಜನೆಯಲ್ಲಿ ನಡೆಯುತ್ತಿದೆ. ಹದಿನೇಳೂವರೆಯಿಂದ 21ರ ವಯಸ್ಸಿನವರು ಅರ್ಜಿ ಹಾಕಬಹುದು. ಒಂದು ವಿಭಾಗಕ್ಕೆ ಹತ್ತನೇ ತರಗತಿ ಸಾಕು, ಇನ್ನೊಂದಕ್ಕೆ ಪಿಯುಸಿ ಬೇಕು. ಕಂಪ್ಯೂಟರ್ ಪರೀಕ್ಷೆ, ಓಟ, ವೈದ್ಯಕೀಯ ತಪಾಸಣೆ ಇರುತ್ತದೆ. ನಾಲ್ಕು ವರ್ಷದ ಸೇವೆ, ಕೊನೆಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ. ಹೆಚ್ಚೆಂದರೆ ನೂರಕ್ಕೆ 25 ಮಂದಿ ಮುಂದುವರಿಯುತ್ತಾರೆ. ಅಧಿಕಾರಿಯಾಗಲು ಎನ್‌ಡಿಎ, ಸಿಡಿಎಸ್‌ನಂಥ ಬೇರೆ ದಾರಿಗಳಿವೆ. ಒಳಗೆ ಹೋದ ಮೇಲೆ ಹಾಯಿ ಹಡಗು ಸಿಕ್ಕೀತು, ಸಿಗದೆಯೂ ಇದ್ದೀತು. ಹಾಯಿಯ ಆಸೆಗಾಗಿಯೇ ಸೇರುವೆ ಎಂದರೆ ಆ ಆಸೆಗೆ ಯಾರೂ ಖಾತ್ರಿ ಕೊಡಲಾರರು. ಶಾಲೆ ಕಾಲೇಜಿನಲ್ಲಿರುವವರಿಗೆ ಎನ್‌ಸಿಸಿಯ ನೌಕಾ ವಿಭಾಗ ಒಂದು ಒಳ್ಳೆಯ ಆರಂಭ. ಅದರಲ್ಲಿ ಹಾಯಿ ದೋಣಿ ನಡೆಸುವುದನ್ನು ಕಲಿಸುತ್ತಾರೆ.

ಇಲ್ಲೇ ಇನ್ನೊಂದು ನಂಬಿಕೆಯನ್ನೂ ಹೇಳಬೇಕು. ಹೆಂಗಸರು ದೋಣಿ ಹತ್ತಿದರೆ ಶುಭವಲ್ಲ ಎನ್ನುವ ಮಾತು ನಮ್ಮ ಕರಾವಳಿಯಲ್ಲಿ ಮಾತ್ರವಲ್ಲ, ಜಗತ್ತಿನ ಎಷ್ಟೋ ಬಂದರುಗಳಲ್ಲಿದೆ. 2017ರ ಸೆಪ್ಟೆಂಬರಿನಲ್ಲಿ ವರ್ತಿಕಾ ಜೋಶಿ ಅವರ ನೇತೃತ್ವದಲ್ಲಿ ನೌಕಾಪಡೆಯ ಆರು ಮಹಿಳೆಯರು ಐಎನ್‌ಎಸ್‌ವಿ ತಾರಿಣಿ ಎಂಬ ಹಾಯಿ ನೌಕೆಯಲ್ಲಿ ಗೋವಾ ಬಿಟ್ಟು, ಭೂಮಿ ಸುತ್ತಿ, 2018ರ ಮೇ 21ರಂದು ಮರಳಿದರು. 2024ರ ಅಕ್ಟೋಬರಿನಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಅದೇ ನೌಕೆಯಲ್ಲಿ ಹೊರಟು 2025ರ ಮೇ ತಿಂಗಳಲ್ಲಿ ಬಂದು ಸೇರಿದರು. 2023ರ ಮಾರ್ಚಿನಲ್ಲಿ ಒಡಿಶಾದ ಚಿಲ್ಕಾದಲ್ಲಿ ತರಬೇತಿ ಮುಗಿಸಿದ ಅಗ್ನಿವೀರರ ಮೊದಲ ತಂಡದಲ್ಲಿ 273 ಯುವತಿಯರಿದ್ದರು. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇದನ್ನು ಮಾಡಿ.

ವಿದೇಶಿ ಹಾಯಿ ಹಡಗುಗಳ ಜಾಹೀರಾತು

ಯುರೋಪಿನಲ್ಲಿ ದೊಡ್ಡ ಹಾಯಿ ಹಡಗುಗಳು ಇಂದಿಗೂ ಜನರನ್ನು ಹತ್ತಿಸಿಕೊಳ್ಳುತ್ತವೆ. ನಾರ್ವೆಯ ‘ಸ್ಟಾಟ್ಸ್‌ರಾಡ್ ಲೆಮ್‌ಕೂಲ್’ 1914ರದು. ನೆದರ್‌ಲ್ಯಾಂಡ್ಸ್‌ನ ‘ಬಾರ್ಕ್ ಯೂರೋಪಾ’ ಇನ್ನೂ ಹಳೆಯದು. ದೊಡ್ಡ ಹಾಯಿ ಹಡಗುಗಳ ಸ್ಪರ್ಧೆ 1956ರಿಂದ ನಡೆಯುತ್ತಿದೆ. ಅದರಲ್ಲಿ ಪ್ರತಿ ಹಡಗಿನ ಸಿಬ್ಬಂದಿಯ ಅರ್ಧದಷ್ಟಾದರೂ 15ರಿಂದ 25 ವರ್ಷದವರಿರಬೇಕು. ‘ಅನುಭವ ಬೇಡ, ಬನ್ನಿ ಸಿಬ್ಬಂದಿಯಾಗಿ’ ಎಂಬ ಅವರ ಕರೆ ಸುಳ್ಳಲ್ಲ. ಆದರೆ ಆ ‘ಸಿಬ್ಬಂದಿ’ ಸಂಬಳದವರಲ್ಲ, ಹಣ ಕೊಟ್ಟು ಕಲಿಯಲು ಬರುವವರು. ಹಗ್ಗ ಎಳೆಯುತ್ತಾರೆ, ಪಾಳಿ ಕಾಯುತ್ತಾರೆ, ಪ್ರಯಾಣದ ವೆಚ್ಚವನ್ನೂ ತಾವೇ ಕಟ್ಟುತ್ತಾರೆ. ಸಂಬಳದ ಜಾಗ ಕೆಲವೇ, ಅದಕ್ಕೆ ಪ್ರಮಾಣಪತ್ರ ಬೇಕು. ಒಂದು ಪ್ರವಾಸದ ಜಾಹೀರಾತನ್ನು ಕತ್ತರಿಸಿ ‘ಉದ್ಯೋಗಾವಕಾಶ’ ಎಂದು ತಲೆಬರಹ ಕೊಟ್ಟರೆ ಸಾಕು, ನಂಬುವವರು ಸಿಗುತ್ತಾರೆ.

ನಮ್ಮ ಸರ್ಕಾರಿ ಭಾಷೆಯಲ್ಲೂ ಒಂದು ಗೊಂದಲ ಇದೆ. ‘ಯಾಂತ್ರೀಕೃತ ಹಾಯಿ ನೌಕೆ’ ಎಂಬ ಪದ ದಾಖಲೆಗಳಲ್ಲಿ ಕಂಡರೆ ಅದು ಕೌಂಡಿನ್ಯದಂಥದ್ದಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳಿವೆಯಲ್ಲ, ಅಂಥವು. ಹೆಸರಿನಲ್ಲಿ ಹಾಯಿ ಉಳಿದಿದೆ, ನಡೆಸುವುದು ಡೀಸೆಲ್.

ಅನುಭವ ಇದೆ, ಕಾಗದ ಇಲ್ಲ

ಕೆಲಸದ ಸಂದೇಶಗಳು ನಮ್ಮ ಕಡೆ ಏಕೆ ನಾಟುತ್ತವೆ ಎಂದು ನಾವು ಯೋಚಿಸಿದಾಗ ಹೊಳೆದದ್ದು ಇದು. ಕಡಲಿನ ಕೆಲಸ ಎಂದರೆ ಇಲ್ಲಿಯವರಿಗೆ ಹೊಸದಲ್ಲ. ವಿಜಯನಗರದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು, ಅಕ್ಕಿ ಮತ್ತು ಸಕ್ಕರೆ ಅಲ್ಲಿಂದ ಹೋಗುತ್ತಿದ್ದವು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಪತ್ತೆಮಾರಿಗಳಲ್ಲಿ ಮುಂಬೈಗೆ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಆ ಹತ್ತಿಗೇ ‘ಕುಂಪ್ಟಾ’ ಎಂಬ ಹೆಸರು ಬಿತ್ತು. ದೋಣಿಯ ಮುಖ್ಯಸ್ಥನಿಗಿದ್ದ ‘ತಾಂಡೇಲ’ ಎಂಬ ಪದವಿ ಇಂದು ಎಷ್ಟೋ ಮನೆಗಳ ಅಡ್ಡಹೆಸರು. ಗಾಳಿ ನೋಡಿ, ನೀರಿನ ಬಣ್ಣ ನೋಡಿ ದಾರಿ ಹೇಳುವ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ.

ಆದರೆ ಹಾಯಿಯ ವಿದ್ಯೆ ನಿಂತು ಒಂದೆರಡು ತಲೆಮಾರಾಯಿತು. 1960ರ ದಶಕದ ನಂತರ ಎಂಜಿನ್ ಬಂತು, ಟ್ರಾಲರ್ ಬಂತು, ಪರ್ಸೀನ್ ಬಂತು. ಇಂದಿನ ಹುಡುಗನಿಗೆ ಗೊತ್ತಿರುವುದು ಬಲೆ, ಎಂಜಿನ್, ಜಿಪಿಎಸ್. ಅದು ಸಣ್ಣ ವಿದ್ಯೆಯಲ್ಲ. ತೊಂದರೆ ಏನೆಂದರೆ, ಹತ್ತು ವರ್ಷ ದೋಣಿಯಲ್ಲಿ ದುಡಿದರೂ ವ್ಯಾಪಾರಿ ಹಡಗಿನ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ ಒಂದು ದಿನದ ಅನುಭವವೂ ಬರೆದಿರುವುದಿಲ್ಲ. ‘ನಿಮ್ಮ ಅನುಭವ ಸಾಕು’ ಎನ್ನುವ ಸಂದೇಶ ಮುಟ್ಟುವುದು ಇದೇ ನೋವಿಗೆ. ಬರೆದವರಿಗೆ ಎಲ್ಲಿ ಒತ್ತಬೇಕೆಂದು ಗೊತ್ತಿದೆ.

ವ್ಯಾಪಾರಿ ಹಡಗಿಗೆ ಬೇಕಾದ ಕಾಗದಗಳು ಇವು. ಮುಂಬೈಯಲ್ಲಿರುವ ಹಡಗು ಸಾರಿಗೆ ಮಹಾನಿರ್ದೇಶನಾಲಯ, ಜನ ‘ಡಿಜಿ ಶಿಪ್ಪಿಂಗ್’ ಎನ್ನುವುದು, ಅದರಲ್ಲಿ ನೋಂದಾಯಿಸಿ ಪಡೆಯುವ ಇಂಡೋಸ್ ಸಂಖ್ಯೆ, ಸಿಡಿಸಿ ಎಂಬ ನಾವಿಕರ ಪುಸ್ತಕ, ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಮುಂತಾದ ಮೂಲ ತರಬೇತಿಗಳ ಪ್ರಮಾಣಪತ್ರ, ವೈದ್ಯಕೀಯ ಪತ್ರ. ಹತ್ತನೇ ತರಗತಿ ಆದವರಿಗೆ ಜಿಪಿ ರೇಟಿಂಗ್ ಎಂಬ ಆರು ತಿಂಗಳ ತರಬೇತಿ ಇದೆ. ಅದನ್ನು ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಯಲ್ಲೇ ಮಾಡಬೇಕು. ಅದಕ್ಕೆ ಶುಲ್ಕ ಇದೆ, ಸಣ್ಣದಲ್ಲ.

ಇಲ್ಲೇ ಮೋಸಗಾರರಿಗೆ ಸಂದು ಸಿಗುವುದು. ತರಬೇತಿಗೆ ಶುಲ್ಕ ಉಂಟು. ಕೆಲಸ ಕೊಡಿಸುವುದಕ್ಕೆ ಇಲ್ಲ. ಭಾರತ 2015ರಲ್ಲಿ ಒಪ್ಪಿದ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರ ಹಡಗಿನ ಕೆಲಸಕ್ಕೆ ಸೇರಿಸಲು ನಾವಿಕನಿಂದ ಹಣ ಪಡೆಯುವಂತಿಲ್ಲ. ವೈದ್ಯಕೀಯ ಪತ್ರ, ನಾವಿಕರ ಪುಸ್ತಕ, ಪಾಸ್‌ಪೋರ್ಟ್, ಇಷ್ಟರ ಖರ್ಚು ಮಾತ್ರ ನಾವಿಕನದು. ವೀಸಾದ ಖರ್ಚು ಕೂಡ ಹಡಗಿನ ಮಾಲೀಕನದೇ. ನೇಮಕ ಮಾಡುವ ಕಂಪನಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು, ಅದನ್ನು ಕೊಡುವುದೂ ಅದೇ ಮಹಾನಿರ್ದೇಶನಾಲಯ. ‘ಸೇವಾ ಶುಲ್ಕ’, ‘ಸೀಟು ಕಾಯ್ದಿರಿಸುವ ಹಣ’, ‘ಜಾಯಿನಿಂಗ್ ಕಿಟ್’, ‘ಹಿಂತಿರುಗಿಸುವ ಠೇವಣಿ’ ಎಂದು ಯಾವ ಹೆಸರಿಟ್ಟರೂ ಅದು ಕೆಲಸಕ್ಕೆ ಕೇಳಿದ ಹಣವೇ.

ಹಣ ಹೋಯಿತು, ಬುದ್ಧಿ ಬಂತು ಎಂದು ಸುಮ್ಮನಾಗುವ ವಿಷಯವೂ ಇದಲ್ಲ. ನಕಲಿ ಕಾಗದದ ಮೇಲೆ ಹಡಗು ಹತ್ತಿದವನಿಗೆ ವಿಮೆ ಇರುವುದಿಲ್ಲ, ಒಪ್ಪಂದ ಇರುವುದಿಲ್ಲ, ದೂರದ ಬಂದರಿನಲ್ಲಿ ಅವನ ಲೆಕ್ಕ ಇಡುವವರೂ ಇರುವುದಿಲ್ಲ. ಮಾಲೀಕರು ಸಂಬಳ, ಊಟ ಕೊಡದೆ ಹಡಗನ್ನೂ ಜನರನ್ನೂ ಎಲ್ಲೋ ಬಿಟ್ಟು ಹೋಗುವುದು ಇಂದಿಗೂ ನಡೆಯುತ್ತದೆ. ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರು ಹೀಗೆ ಕೈಬಿಡಲ್ಪಟ್ಟರು. ಯಾವ ದೇಶದವರು ಹೆಚ್ಚು ಎಂದರೆ, ಭಾರತದವರು: 899 ಮಂದಿ.

2018ರಲ್ಲಿ ದುಬೈ ಕಡೆಯ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದ ಉತ್ತರ ಕನ್ನಡದ 18 ಮಂದಿಯನ್ನು ತನ್ನ ಜಲಗಡಿ ದಾಟಿದರೆಂದು ಇರಾನ್ ಹಿಡಿದಿಟ್ಟಿತ್ತು. ಅವರು ಇದೇ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯವರು. ತಿಂಗಳುಗಟ್ಟಲೆ ಇಲ್ಲಿ ಮನೆಯವರು ಕಾದರು. ಅದು ನಕಲಿ ಏಜೆಂಟರ ಕಥೆಯಲ್ಲ. ದುಡಿಯಲು ಹೋದ ದೋಣಿಯ ಖಲಾಸಿ ಬೇರೆಯವರ ನೀರಿನಲ್ಲಿ ಎಷ್ಟು ಅಸಹಾಯಕನಾಗಬಲ್ಲ ಎಂದು ಅದು ತೋರಿಸಿತು. ದೋಣಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಅವನಲ್ಲ, ಹಿಡಿದಾಗ ಒಳಗಾಗುವುದು ಅವನೇ. ಕೈಯಲ್ಲಿ ಸರಿಯಾದ ಕಾಗದವೂ ಇಲ್ಲದಿದ್ದರೆ ರಾಯಭಾರ ಕಚೇರಿಗೆ ಅವನು ಯಾರೆಂದು ಸಾಬೀತು ಮಾಡುವುದೇ ಮೊದಲ ಕೆಲಸವಾಗುತ್ತದೆ.

ಫೋನಿನಲ್ಲೇ ನೋಡುವುದು ಹೇಗೆ

ಸಂದೇಶ ಬಂದರೆ ಅದರಲ್ಲಿರುವ ನಂಬರಿಗೆ ಕರೆ ಮಾಡಿ ‘ನೀವು ನಿಜವೇ’ ಎಂದು ಕೇಳುವುದರಿಂದ ಪ್ರಯೋಜನವಿಲ್ಲ, ಅವರು ಹೌದೆನ್ನುತ್ತಾರೆ. ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ಪರವಾನಗಿ ಇರುವ ಕಂಪನಿಗಳ ಪಟ್ಟಿ ಇದೆ. ಯಾವುದು ಚಾಲ್ತಿಯಲ್ಲಿದೆ, ಯಾವುದನ್ನು ಅಮಾನತು ಮಾಡಲಾಗಿದೆ ಎಂದೂ ಅಲ್ಲಿ ಗೊತ್ತಾಗುತ್ತದೆ. ಕಂಪನಿಯ ಹೆಸರು ಅಲ್ಲಿದ್ದ ಮಾತ್ರಕ್ಕೆ ನಿಲ್ಲಬೇಡಿ, ಏಕೆಂದರೆ ನಿಜವಾದ ಕಂಪನಿಯ ಹೆಸರು ಮತ್ತು ಪರವಾನಗಿ ಸಂಖ್ಯೆಯನ್ನೇ ಕದ್ದು ಬಳಸುವುದು ಸುಲಭ. ಪಟ್ಟಿಯಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ, ಇಂಥ ಹಡಗಿಗೆ ಇಂಥ ಕೆಲಸಕ್ಕೆ ನೀವು ಜನ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿ. ಹಣವನ್ನು ಒಬ್ಬ ವ್ಯಕ್ತಿಯ ಯುಪಿಐಗೆ ಕಳಿಸಲು ಹೇಳಿದರೆ ಅಲ್ಲಿಗೇ ಮಾತು ಮುಗಿಸಬಹುದು. ನೌಕಾಪಡೆಯ ಭರ್ತಿಯಾದರೆ ಅದರ ಅಧಿಕೃತ ಭರ್ತಿ ಜಾಲತಾಣ ಬಿಟ್ಟು ಬೇರೆಲ್ಲೂ ಅರ್ಜಿ ಇಲ್ಲ. ಪರೀಕ್ಷಾ ಶುಲ್ಕ ಇದ್ದರೆ ಅದನ್ನೂ ಅಲ್ಲೇ ಕಟ್ಟಬೇಕು. ನೌಕಾಪಡೆಗೆ ಏಜೆಂಟರಿಲ್ಲ.

ಹಣ ಕಳಿಸಿ ಆಗಿದ್ದರೆ ನಾಚಿಕೆ ಬಿಟ್ಟು ಅದೇ ಗಂಟೆಯಲ್ಲಿ 1930ಕ್ಕೆ ಕರೆ ಮಾಡಿ. ಅದು ಕೇಂದ್ರದ ಸೈಬರ್ ವಂಚನೆ ಸಹಾಯವಾಣಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ವ್ಯವಹಾರದ ಸಂಖ್ಯೆ, ಬ್ಯಾಂಕಿನ ಹೆಸರು, ಕಳಿಸಿದ ಸಮಯ ಕೈಯಲ್ಲಿರಲಿ. ಚಾಟ್ ಅಳಿಸಬೇಡಿ, ಬೈದು ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಪಾಸ್‌ಪೋರ್ಟ್ ಅಸಲಿಯನ್ನು ಅವರ ಕೈಗೆ ಕೊಟ್ಟಿದ್ದರೆ ಅದನ್ನೂ ಪೊಲೀಸ್ ದೂರಿನಲ್ಲಿ ಬೇರೆಯಾಗಿ ಬರೆಸಿ.